ಎದುರಿಗೆ ನಿಂತವರ ಗೈರುಹಾಜರಿ

ನಾನು ಜೀವನದಲ್ಲಿ ಬರೆದ ಅತಿ ದೊಡ್ಡ ಸುಳ್ಳು ಒಂದೇ ಒಂದು ಪದದ್ದು. ಕಥೆ ಬರೆಯುವವರು ಇನ್ನೂರು ಪುಟ ಸುಳ್ಳು ಬರೆದು ಶಾಲು ಹೊದಿಸಿಕೊಳ್ಳುತ್ತಾರೆ. ನಾನು ಆ ಒಂದು ಪದಕ್ಕೆ ಹತ್ತು ವರ್ಷವಾದರೂ ಕನ್ನಡಿ ಮುಂದೆ ಕ್ಷೌರ ಮಾಡಿಕೊಳ್ಳುವಾಗ ನನ್ನನ್ನೇ ಬೈದುಕೊಳ್ಳುತ್ತೇನೆ.

ಚನ್ನಗಿರಿಯಲ್ಲಿ ಅಡಿಕೆ ಬೆಳೆಗಾರರದೊಂದು ಸಣ್ಣ ಸಂಘವಿತ್ತು, ನಾನು ಅದರ ಗುಮಾಸ್ತ. ವರ್ಷಕ್ಕೊಮ್ಮೆ ಮಹಾಸಭೆ. ಅಲ್ಲಿ ಏನು ತೀರ್ಮಾನವಾಯಿತೆಂದು ಠರಾವು ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ. ಸಭೆ ಮುಗಿದ ಮೇಲೆ ಬರೆಯಬೇಕು ತಾನೆ? ನಮ್ಮಲ್ಲಿ ಹಿಂದಿನ ದಿನ ಸಾಯಂಕಾಲವೇ ಬರೆದಿಡುತ್ತಿದ್ದೆವು. 'ದೀರ್ಘ ಚರ್ಚೆಯ ನಂತರ' ಎಂದೂ ನಾನೇ ಸೇರಿಸುತ್ತಿದ್ದೆ. ಮರುದಿನ ಬಂದ ಸದಸ್ಯರು ಬಾಗಿಲಲ್ಲೇ ಹಾಜರಾತಿಗೆಂದು ಆ ಠರಾವಿನ ಕೆಳಗೆ ಸಹಿ ಹಾಕುವರು, ಪಕ್ಕದ ಬುಟ್ಟಿಯಿಂದ ಮಂಡಕ್ಕಿ, ಮಿರ್ಚಿ ಇಸಕೊಂಡು ಒಳಗೆ ಹೋಗಿ ಕೂರುವರು. ಬಂದೆ ಅಂತ ಹಾಕಿದ ಸಹಿಯೇ ಒಪ್ಪಿದೆ ಅಂತಲೂ ಆಗುತ್ತಿತ್ತು. ಇದರಲ್ಲಿ ಮೋಸವಿದೆಯೆಂದು ನಮಗ್ಯಾರಿಗೂ ಅನಿಸಿರಲಿಲ್ಲ. ಮಿರ್ಚಿ ಬಿಸಿಯಾಗಿರುತ್ತಿತ್ತು.

ನಮ್ಮ ಅಧ್ಯಕ್ಷರು ಕೆಟ್ಟ ಮನುಷ್ಯ ಅಂದರೆ ಊರೇ ನನ್ನ ಮೇಲೆ ಬೀಳುತ್ತಿತ್ತು. ಹೆರಿಗೆ ನೋವಿನ ಹೆಂಗಸರನ್ನು ತಮ್ಮ ಜೀಪಿನಲ್ಲೇ ದಾವಣಗೆರೆಗೆ ಕರೆದೊಯ್ದವರು. ಹೊನ್ನಾಳಿ ಬಸ್ಸಿನಲ್ಲಿ ಕಂಡಕ್ಟರನ ಮಗಳ ಹೆಸರು ಹಿಡಿದು ವಿಚಾರಿಸುವವರು. 'ನಾನು ಬೇರೆ, ನೀವು ಬೇರೆ ಏನ್ರಪ್ಪಾ?' ಅನ್ನುವುದು ಅವರ ಖಾಯಂ ಮಾತು. ಅದನ್ನು ಕೇಳಿ ನನ್ನ ಕಣ್ಣೂ ಒದ್ದೆಯಾಗಿದ್ದುಂಟು. ಅವರೂ ನಾವೂ ಒಂದೇ ಅಂದಮೇಲೆ ನಮ್ಮನ್ನು ಏನಾದರೂ ಕೇಳುವ ಅಗತ್ಯ ಅವರಿಗೇನು ಉಳಿಯಿತು ಎಂಬುದು ಹೊಳೆಯಲು ನನಗೆ ವರ್ಷಗಳೇ ಬೇಕಾದವು.

ಆಗ ದೇಶದಲ್ಲಿ ತುರ್ತು ಪರಿಸ್ಥಿತಿ. ಶಿಸ್ತು, ಶಿಸ್ತು ಎಂದು ಗೋಡೆಗಳೆಲ್ಲ ಕೂಗುತ್ತಿದ್ದವು. ದಿಲ್ಲಿಗೆ ನೆಗಡಿಯಾದರೆ ಚನ್ನಗಿರಿ ಸೀನಬೇಕಲ್ಲ. ಅಧ್ಯಕ್ಷರು ನನ್ನನ್ನು ಕರೆದು, 'ಈ ಸಲ ಎಲೆಕ್ಷನ್ ಬ್ಯಾಡ. ನಮ್ಮ ನಮ್ಮಲ್ಲೇ ಜಗಳ ಹಚ್ಚಾಕೆ ಅದು ಐತೆ ಅಷ್ಟೆ. ಸರ್ವಾನುಮತ ಅಂತ ಬರ್ಕಳ್ರಿ' ಅಂದರು. ಬರಕೊಂಡೆ. ಸರ್ವಾನುಮತ! ನಮ್ಮ ಮನೆಯಲ್ಲಿ ಉಪ್ಪಿಟ್ಟಿಗೆ ಈರುಳ್ಳಿ ಹಾಕುವ ವಿಷಯದಲ್ಲೇ ಇದುವರೆಗೆ ಸರ್ವಾನುಮತ ಬಂದಿಲ್ಲ. ಹಿಂದಿನ ಕಾಲದಲ್ಲಿ ಊರಸಭೆಗೆ ಓಲೆಗರಿಯ ಮೇಲೆ ಹೆಸರು ಬರೆದು ಕೊಡದೊಳಗೆ ಹಾಕಿ ಆರಿಸುತ್ತಿದ್ದರಂತೆ. ನಾವು ಕೊಡವನ್ನೂ ಮುಚ್ಚಿ ಓಲೆಯನ್ನೂ ಸುಟ್ಟು ಅದಕ್ಕೆ ಶಿಸ್ತು ಅಂತ ಹೆಸರಿಟ್ಟೆವು.

ಸಭೆಯ ದಿನ ಕೆರೆಬಿಳಚಿಯ ರುದ್ರಮ್ಮ ಬಂದಳು. ಗಂಡ ತೀರಿಕೊಂಡ ಮೇಲೆ ಅವನ ಸದಸ್ಯತ್ವ ಅವಳಿಗೆ ಬಂದಿತ್ತು. ಸಂಘದಲ್ಲಿ ಅಡಿಕೆ ತೂಕಕ್ಕೆ ಸರದಿ ನಿಲ್ಲಬೇಕು. ಬೆಳಿಗ್ಗೆ ಬಂದ ರುದ್ರಮ್ಮ ಮಧ್ಯಾಹ್ನದವರೆಗೆ ಚೀಲದ ಮೇಲೆ ಕೂತಿರುತ್ತಿದ್ದಳು, ಅಧ್ಯಕ್ಷರ ಕಡೆಯವರು ಈಗ ಬಂದು ಈಗ ಹೋಗುತ್ತಿದ್ದರು. ಅದನ್ನು ಸರಿಮಾಡಬೇಕೆಂದೇ ಆಕೆ ನಿರ್ದೇಶಕಿ ಸ್ಥಾನಕ್ಕೆ ನಿಲ್ಲುವುದಾಗಿ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದಳು.

ಹೆಬ್ಬೆಟ್ಟಿಗೆ ಮಸಿ ಹಚ್ಚಲು ಹೋದೆ. ಕೈ ಹಿಂದಕ್ಕೆ ತಗೊಂಡಳು. 'ಮೊದ್ಲು ಓದಿ ಹೇಳ್ರಿ.'

'ಹಾಜರಾತಿ ಕಣಮ್ಮ.'

'ಇಷ್ಟುದ್ದ ಹಾಜರಾತಿ ಐತೇನ್ರಿ? ನನಗೆ ಓದಾಕೆ ಬರಲ್ಲ, ಅದಕ್ಕೇ ಕೇಳ್ತೀನಿ. ಓದಾಕೆ ಬರೋರು ಯಾಕೆ ಓದ್ಲಿಲ್ಲ?'

ಓದಿದೆ. ಒಳಗಿದ್ದವರೆಲ್ಲ ಮಂಡಕ್ಕಿಯಲ್ಲಿ ಕಡಲೆ ಹುಡುಕತೊಡಗಿದರು. ಅಧ್ಯಕ್ಷರು ಎದ್ದು ಬಂದು, 'ಯವ್ವಾ, ನಾನು ನಿನ್ನ ಮಗ ಇದ್ದಂಗೆ' ಅಂದರು. 'ಮಗನೇ ಆಗ್ರಿ, ಎಲೆಕ್ಷನ್ ಮಾತ್ರ ಇರ್ಲಿ' ಅಂದಳು. ಅಧ್ಯಕ್ಷರು ನಗುತ್ತಲೇ ನನ್ನ ಕಡೆ ತಿರುಗಿದರು. 'ಸಹಿ ಇಲ್ಲ ಅಂದ್ರೆ ಬಂದಿಲ್ಲ ಅಂತ ಲೆಕ್ಕ. ಗೈರು ಅಂತ ಹಾಕ್ರಿ.'

ಹಾಕಿದೆ. ಆಕೆ ನನ್ನಿಂದ ಒಂದು ಮೊಳ ದೂರದಲ್ಲಿ ನಿಂತಿದ್ದಳು, ನಾನು ಅವಳ ಹೆಸರಿನ ಮುಂದೆ 'ಗೈರುಹಾಜರು' ಅಂತ ಬರೆದೆ. ಆಮೇಲೆ ಠರಾವು ನಿಜಕ್ಕೂ ಸರ್ವಾನುಮತವಾಯಿತು. ಒಪ್ಪದವರನ್ನೆಲ್ಲ ಇಲ್ಲವೇ ಇಲ್ಲ ಎಂದುಬಿಟ್ಟರೆ ಜಗತ್ತಿನಲ್ಲಿ ಯಾವುದು ತಾನೆ ಸರ್ವಾನುಮತವಲ್ಲ? ಥೂ, ನನ್ನ ಬರಹಕ್ಕಿಷ್ಟು ಬೆಂಕಿ ಹಾಕ.

ತುರ್ತು ಪರಿಸ್ಥಿತಿ ಹೋಯಿತು. ಸಂಘಕ್ಕೂ ಚುನಾವಣೆ ಬಂತು, ರುದ್ರಮ್ಮ ಅರ್ಜಿ ಹಿಡಿದು ಬಂದಳು. ನಮ್ಮ ನಿಯಮದ ಪ್ರಕಾರ ಹಿಂದಿನ ಮಹಾಸಭೆಗೆ ಬಾರದವರು ನಿಲ್ಲುವಂತಿಲ್ಲ. ಚುನಾವಣೆ ನಡೆಸಲು ಹೊರಗಿನಿಂದ ಬಂದಿದ್ದ ಅಧಿಕಾರಿ ಪುಸ್ತಕ ತಿರುವಿ, 'ಈಯಮ್ಮ ಬಂದೇ ಇಲ್ಲವಲ್ಲ' ಅಂದರು. ಅಧ್ಯಕ್ಷರು ಪಕ್ಕದಲ್ಲೇ ಕೂತಿದ್ದರು. ಆದರೂ ಅಂದೆ, 'ಬಂದಿದ್ದರು ಸಾರ್. ಸುಳ್ಳು ಬರೆದವನು ನಾನು.' ಧೈರ್ಯ ಅಂತ ಹೊಗಳಬೇಡಿ, ದಿಲ್ಲಿಯಲ್ಲಿ ಗಾಳಿ ತಿರುಗಿದ ಮೇಲೆ ಬಂದ ಧೈರ್ಯ ಅದು. ಅಧಿಕಾರಿ ನನಗೆ ಚೆನ್ನಾಗಿ ಛೀಮಾರಿ ಹಾಕಿ ಅರ್ಜಿ ತಗೊಂಡರು.

ಇಲ್ಲಿಗೆ ಧರ್ಮ ಗೆದ್ದಿತು ಅಂದುಕೊಂಡಿರಾ? ರುದ್ರಮ್ಮ ಸೋತಳು. ಅಧ್ಯಕ್ಷರೂ ಅವರ ಕಡೆಯವರೂ ಗೆದ್ದರು. ಚೀಟಿ ಪೆಟ್ಟಿಗೆ, ಎಣಿಕೆ, ಎಲ್ಲ ಶುದ್ಧ. ಜೀಪು ಹತ್ತಿದವರು ಜೀಪು ಮರೆಯಲಿಲ್ಲ. ಓಟನ್ನು ಕಿತ್ತುಕೊಂಡವರಿಗೇ ಅದನ್ನು ಮತ್ತೆ ಕೈಯಾರೆ ಕೊಟ್ಟುಬಂದ ಜನರ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಬಸ್ ಸ್ಟ್ಯಾಂಡಿನಲ್ಲಿ ರುದ್ರಮ್ಮನ ಎದುರು ಅದನ್ನೆಲ್ಲ ಕಾರಿಕೊಂಡೆ. 'ಇಂಥಾ ಜನಕ್ಕೆ ಎಲೆಕ್ಷನ್ ಯಾಕೆ ಬೇಕಿತ್ತಮ್ಮ?' ಅಂದೇಬಿಟ್ಟೆ. ಅಧ್ಯಕ್ಷರ ಮಾತು ನನ್ನ ಬಾಯಲ್ಲೇ ಬಂದಿತ್ತು.

ಆಕೆ ನನ್ನನ್ನೇ ನೋಡಿದಳು. 'ಸೋತೀನಿ, ನಿಜ. ಆದ್ರೆ ಈ ಸಲ ಬಂದು ಸೋತೀನಿ. ಎಷ್ಟು ಜನ ನನಗೆ ಹಾಕಿದ್ರು ಅಂತ ಗೊತ್ತಾತಲ್ಲ, ಮುಂದಿನ ಸಲಕ್ಕೆ ಇನ್ನೂ ಎಷ್ಟು ಮನೆ ತಿರುಗ್ಬೇಕು ಅಂತಾನೂ ಗೊತ್ತಾತು. ನೀವು ಮೊದ್ಲು ಹೋಗಿ ನಾನು ಸೋತಿದ್ದನ್ನ ಬುಕ್ಕಿನಾಗೆ ಸರಿಯಾಗಿ ಬರೀರಿ.'