ನೀಲಗಂಗಮ್ಮ ಕಡಿದ ಬಾಳೆ

ಕಲಬುರಗಿಯ ಧಾನ್ಯಪೇಟೆ ಗಂಜಿನ ಹಿಂದಿನ ಓಣಿಯಲ್ಲಿ ಇಪ್ಪತ್ತು ವರ್ಷ ತೊಗರಿ ಒಡೆದ ನೀಲಗಂಗಮ್ಮನಿಗೆ ಬೇಳೆ ಗೊತ್ತಿತ್ತು, ಬಾಳೆ ಗೊತ್ತಿರಲಿಲ್ಲ. ನಿಜಾಮರ ಸೀಮೆಗೆ ಪ್ಲೇಗು ನುಗ್ಗಿದ ವರ್ಷ ಊರಿಗೆ ಊರೇ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿತು. ಪ್ಲೇಗು ಅಲ್ಲಿಗೂ ಬಂತು. ಒಂದೇ ವಾರದಲ್ಲಿ ಗಂಡ ದೌಲಪ್ಪನೂ ಹದಿನಾಲ್ಕರ ಮಗಳೂ ಹೋದರು. ಅವಳು ಅಳಲಿಲ್ಲ. ಕಮಲಾಪುರದ ತಮ್ಮ ಅಣವೀರಪ್ಪ ಬಂಡಿ ಹೂಡಿಕೊಂಡು ಬಂದು ಕರೆದೊಯ್ದ.

ಅವನದು ಗುಡ್ಡದ ತಗ್ಗಿನಲ್ಲಿ ಕೆಂಪು ಬಾಳೆಯ ತೋಟ. ಹೆಂಡತಿ ಸೂಗಮ್ಮ ಕೆಟ್ಟವಳಲ್ಲ. ಎರಡು ತಿಂಗಳಿಂದ ಗೋಡೆಗೊರಗಿ ಕೂತ ಗಂಡನ ಅಕ್ಕನಿಗೆ ರೊಟ್ಟಿ ಬಡಿದು ಬೇಸತ್ತವಳು, ಅಷ್ಟೆ.

"ಕೂಡಾಕ ಅಲ್ಲಿ ಗೋಡಿ ಇಲ್ಲೇನ್ರಿ? ಕಲಬುರಗಿಗಿ ಬಿಟ್ಟು ಬರ್ರಿ" ಎಂದಳು ಗಂಡನಿಗೆ, ಆಕೆಗೂ ಕೇಳುವಷ್ಟು ಮೆಲ್ಲಗೆ.

ಆ ಖಾಲಿ ಮನೆಗೆ ಮರಳುವುದು ನೀಲಗಂಗಮ್ಮನಿಂದ ಆಗದ ಮಾತು. ಮರುದಿನ ಬೆಳಿಗ್ಗೆ ಎದ್ದವಳೇ ಕುಡುಗೋಲು ಹಿಡಿದು, "ತಮ್ಮಾ, ಏನರೆ ಕೆಲಸ ಹೇಳು" ಎಂದಳು.

"ಗೊನಿ ಕೊಯ್ದ ಗಿಡ ಕಡದು ಹಾಕಕ್ಕಾ. ಬಾಳಿಗಿ ಗೊನಿ ಬಂತಂದ್ರ ಅದರ ಕೊನಿ ಬಂತು. ಬುಡದಾಗಿನ ಮರಿಗಿ ಜಾಗ ಆಗ್ತದ" ಎಂದು ಅಣವೀರಪ್ಪ ಹಳ್ಳದ ನೀರು ತಿರುಗಿಸಲು ಹೋದ.

ಗೊನೆ ಕೊಯ್ದ ಮೇಲೆ ಗಿಡದಲ್ಲಿ ಗೊನೆ ಇರುವುದಿಲ್ಲ. ಆದ್ದರಿಂದ ಗೊನೆ ಇಲ್ಲದ್ದನ್ನೆಲ್ಲ ಕಡಿಯಬೇಕು. ಪೇಟೆಯವಳ ಲೆಕ್ಕ ಚೊಕ್ಕವಾಗಿಯೇ ಇತ್ತು. ಇನ್ನೂ ಹೂವನ್ನೇ ಹಾಕದ, ಎಂಟು ತಿಂಗಳ ಮೂರು ಗಿಡಗಳು ಮೊಣಕಾಲೆತ್ತರಕ್ಕೆ ತುಂಡಾಗಿ ಬಿದ್ದವು.

ಸೂಗಮ್ಮನ ಚೀರಾಟ ಗುಡ್ಡದಾಚೆಗೂ ಕೇಳಿರಬೇಕು. "ಹಸಿ ಗಿಡ ಕಡದಾಳ್ರೀ! ಇವತ್ತ ಹೂಡ್ರಿ ಬಂಡಿ!"

ಅಣವೀರಪ್ಪ ತಲೆ ತಗ್ಗಿಸಿ ಎತ್ತು ತರಲು ಹೋದ. ನೀಲಗಂಗಮ್ಮ ತಾನು ಕಡಿದ ಗಿಡದ ಮುಂದೆ ಕೂತಳು. ಕೊಯ್ದ ಮೈಯಿಂದ ನೀರು ಒಸರುತ್ತಿತ್ತು. ಬಳೆಯೊಳಗೆ ಬಳೆ ಇಟ್ಟಂತೆ ಪದರಗಳು, ನಟ್ಟನಡುವೆ ಬೆರಳಗಾತ್ರದ ಎಳೆ ಹಸಿರು ಸುರುಳಿ.

ಆ ಸುರುಳಿ ಮೇಲೆದ್ದಿತ್ತು. ಕಡಿದಾಗ ಎಲ್ಲವೂ ಸಮನಾಗಿತ್ತಲ್ಲ! ಕಣ್ಣುಜ್ಜಿಕೊಂಡು ನೋಡಿದಳು. ಗಾಳಿ ಇರಲಿಲ್ಲ. ಯಾರೂ ಮುಟ್ಟಿರಲಿಲ್ಲ. ಅಂಗೈಯನ್ನು ಅದರ ಮೇಲೆ, ತಾಗದಂತೆ, ಕೊಡೆಯಾಗಿ ಹಿಡಿದಳು. ತೋಳು ನೋಯತೊಡಗಿತು, ಇಳಿಸಲಿಲ್ಲ. ಆಗ ತಣ್ಣನೆಯ ತುದಿಯೊಂದು ಅಂಗೈಗೆ ಬಂದು ತಾಗಿತು. ಮಗಳು ಹೊಟ್ಟೆಯಲ್ಲಿ ಮೊದಲ ಸಲ ಹೊರಳಿದಾಗಲೂ ಅವಳು ಹೀಗೆಯೇ ಬೆಚ್ಚಿದ್ದಳು. ಎರಡು ತಿಂಗಳ ಅಳು ಒಮ್ಮೆಲೇ ಉಕ್ಕಿತು.

"ಸೂಗಮ್ಮಾ, ಬಾ ಇಲ್ಲಿ! ಏಳಾಕತ್ತದ!"

"ಕಡದ್ರ ಏಳ್ತದ. ಬಾಳಿ ಇರೋದೇ ಹಂಗ" ಎನ್ನುತ್ತ ಸೂಗಮ್ಮ ಜಗಳಕ್ಕೆಂದೇ ಬಂದಳು. ಹುಟ್ಟಿದಾಗಿನಿಂದ ಬಾಳೆಯ ನಡುವೆಯೇ ಬೆಳೆದವಳು. ಕಡಿದದ್ದು ಮರುದಿನ ಚಿಗುರಿದ್ದನ್ನು ನೂರು ಸಲ ಕಂಡವಳು. ಏಳುವಾಗ ನೋಡುತ್ತ ಕೂರುವಷ್ಟು ಪುರುಸೊತ್ತು ಮಾತ್ರ ಆಕೆಗೆ ಯಾವತ್ತೂ ಸಿಕ್ಕಿರಲಿಲ್ಲ.

"ಎಲ್ಲದ? ಸರಿ ಅತ್ಲಾಗ" ಎಂದು ಬಗ್ಗಿದಳು. ಬಗ್ಗಿದವಳು ಕೂತಳು. ಕೂತವಳು ಸುರುಳಿ ಏಳುವುದನ್ನು ನೋಡುತ್ತ ಬಾಯಿ ಮುಚ್ಚಿದಳು. ಅದೂ ಆ ತೋಟದಲ್ಲಿ ಹೊಸದೇ.

ಅಣವೀರಪ್ಪ ಬಂಡಿ ಹೂಡಿ ಬಂದು ನಿಂತ. "ಹೋಗೂಣೇನಕ್ಕಾ?"

"ಏ, ಸುಮ್ಮನಿರ್ರಿ" ಎಂದಳು ಸೂಗಮ್ಮ, ತಿರುಗಿ ನೋಡದೆ. "ಎತ್ತು ಬಿಚ್ಚ್ರಿ. ನಾಳಿಂದ ಯಾವ ಗಿಡ ಕಡೀಬೇಕು ಅಂತ ಅಕ್ಕಗ ನಾನೇ ತೋರಸ್ತೀನಿ."