ಎರಡನೆಯ ಫೋಟೋ ಬೇಡವೆಂದ ಡಾಕ್ಟರು

ನನಗೆ ಒಂಬತ್ತು ವರ್ಷವಿದ್ದಾಗ ಮನೆಯ ಉಣುಗೋಲಿನ ಮೇಲೆ ನಡೆಯಲು ಹೋಗಿ ಬಿದ್ದೆ. ದನ ಬಾರದಂತೆ ದಾರಿಗೆ ಅಡ್ಡ ಹಾಕಿದ ಬಿದಿರ ಗಳುಗಳವು. ಮೇಲಿನದರ ಮೇಲೆ ನಾಲ್ಕು ಹೆಜ್ಜೆ ಹೋಗಬಲ್ಲೆನೇ ಎಂದು ನೋಡಬೇಕಿತ್ತು. ಮೂರು ಹೋದೆ. ಎಡಗೈ ಮಣಿಕಟ್ಟಿನ ಹತ್ತಿರ ಬಾಗಿಹೋಯಿತು.

ಅಪ್ಪ ಕೊಡ್ಲಿಪೇಟೆಯಲ್ಲಿ ಶಾಲೆಯ ಮೇಷ್ಟ್ರು. ಬಿದಿರ ದಬ್ಬೆ ಇಟ್ಟು ಕೈ ಕಟ್ಟಿ, ಮರುದಿನ ಬೆಳಿಗ್ಗೆ ನನ್ನನ್ನು ಮಡಿಕೇರಿಗೆ ಕರೆದೊಯ್ದರು. ಎರಡನೆಯ ಮಹಾಯುದ್ಧದ ಕಾಲ; ಪೆಟ್ರೋಲಿಗೆ ಬರ. ಇದ್ದಿಲಿನ ಗ್ಯಾಸಿನಿಂದ ಓಡುತ್ತಿದ್ದ ಬಸ್ಸು ಏರು ಬಂದಾಗಲೆಲ್ಲ ನಿಲ್ಲುತ್ತಿತ್ತು; ಗಂಡಸರು ಇಳಿದು ತಳ್ಳುತ್ತಿದ್ದರು.

ಮಡಿಕೇರಿಯಲ್ಲಿ ಡಾಕ್ಟರೊಬ್ಬರು ಮನೆಯ ಹಿಂದಿನ ಕೋಣೆಯಲ್ಲಿ ಎಕ್ಸ್‌ರೇ ಯಂತ್ರ ಇಟ್ಟುಕೊಂಡಿದ್ದರು. ಹೊರಗೆ ಅದಕ್ಕೆ ಕರೆಂಟು ಕೊಡುವ ಎಣ್ಣೆ ಎಂಜಿನ್ ಗುಡುಗುಡು ಎಂದಿತು. ಅವರು ಅಪ್ಪನನ್ನು ಆಚೆ ಕಳಿಸಿ, ನನ್ನ ಎದೆ ಹೊಟ್ಟೆಗಳ ಮೇಲೆ ಸೀಸದ ಹಾಳೆಯ ಭಾರವಾದ ಹೊದಿಕೆ ಹಾಕಿ, ತಾವೂ ಗೋಡೆಯ ಹಿಂದೆ ಹೋದರು.

“ನೀವ್ಯಾಕೆ ಬಚ್ಚಿಟ್ಕೊಳ್ತೀರಿ?” ಎಂದು ಕೇಳಿದೆ.

“ಆಮೇಲೆ ಹೇಳ್ತೇನೆ ಮಗು. ಅಲ್ಲಾಡ್ಬೇಡ.”

ಸ್ವಲ್ಪ ಹೊತ್ತಿನ ಮೇಲೆ ಒದ್ದೆ ಫಿಲ್ಮನ್ನು ಕಿಟಕಿಗೆ ಹಿಡಿದು ತೋರಿಸಿದರು. ನನ್ನದೇ ಎಲುಬು! ಹಸಿ ಕಡ್ಡಿಯನ್ನು ಮುರಿದಾಗ ಒಂದು ಕಡೆ ಸೀಳಿ ಇನ್ನೊಂದು ಕಡೆ ಬಾಗಿ ನಿಲ್ಲುವುದಲ್ಲ, ಹಾಗಿತ್ತು. ಕೈ ನೇರ ಮಾಡಿ ಪ್ಲಾಸ್ಟರ್ ಹಾಕುವಾಗ ನೋವಿನಲ್ಲಿ ಅತ್ತೆನಾದರೂ ಕಣ್ಣು ಆ ಫಿಲ್ಮಿನ ಮೇಲೇ ಇತ್ತು.

ಮೂರು ವಾರ ಕಳೆದು ಮತ್ತೆ ಹೋದೆವು. ನಾನಂತೂ ಎಲುಬು ಹೇಗೆ ಕೂಡಿಕೊಂಡಿದೆಯೆಂದು ನೋಡುವ ಆಸೆಯಿಂದಲೇ ಹೋಗಿದ್ದೆ. ಅಪ್ಪನಿಗೂ ಅದೇ ಕುತೂಹಲ.

“ಇನ್ನೊಂದು ಫೋಟೋ ತೆಗ್ದುಬಿಡಿ ಡಾಕ್ಟ್ರೇ. ಕೂಡ್ಕಂಡಿದ್ಯೋ ಇಲ್ವೋ ಗೊತ್ತಾಗ್ಲಿ.”

ಡಾಕ್ಟರು ಪ್ಲಾಸ್ಟರ್ ಬಿಚ್ಚಿ, ಮುರಿದ ಜಾಗವನ್ನು ಮೆಲ್ಲಗೆ ಒತ್ತಿ ನೋಡಿದರು. “ಮೇಷ್ಟ್ರೇ, ಫೋಟೋದಲ್ಲಿ ಏನೇ ಕಂಡ್ರೂ ನಾನು ಮಾಡೋದು ಒಂದೇ. ಇನ್ನೆರಡು ವಾರ ಪಟ್ಟಿ ಕಟ್ಟೋದು. ಹಾಗಿದ್ಮೇಲೆ ಯಾಕೆ ತೆಗೀಬೇಕು?”

“ತೆಗೆದ್ರೆ ಏನಾಗುತ್ತೆ? ನೋವೇ ಆಗಲ್ವಲ್ಲ,” ಎಂದೆ ನಾನು.

ಅವರು ಕೈಗೆ ಹಾಕಿಕೊಂಡಿದ್ದ ತೆಳು ಕೈಗವಸು ತೆಗೆದರು. ಬೆರಳುಗಳ ಚರ್ಮ ಒಣಗಿ ಬಿರುಕು ಬಿಟ್ಟಿತ್ತು, ಉಗುರುಗಳು ಗೀರು ಬಿದ್ದು ಕಂದಿದ್ದವು. “ಕೆಲಸ ಕಲಿಯುವಾಗ ಯಂತ್ರ ಸರಿಯಿದ್ಯಾ ಅಂತ ದಿನಾ ನನ್ನ ಕೈಯನ್ನೇ ಇಟ್ಟು ನೋಡ್ತಿದ್ದೆ. ನಂಗೂ ಆಗ ಎಂತದೂ ನೋಯ್ಲಿಲ್ಲ. ಆ ಕಿರಣ ಸುಟ್ಟಿದ್ದು ವರ್ಷಗಳ ಮೇಲೆ ಕಂಡ್ತು; ಅದಕ್ಕೇ ಈಗ ಗೋಡೆ ಹಿಂದೆ ನಿಲ್ಲೋದು. ನೀನು ಬೆಳೆಯೋ ಮಗು. ಬೇಕಾದಾಗ ಒಂದು ಸಲ ಸಾಕು.”

ಮುಟ್ಟಲೇ ಎಂದು ಕೇಳಿದೆ. ಮುಟ್ಟಲು ಬಿಟ್ಟರು. ಮರದ ತೊಗಟೆಯ ಹಾಗಿತ್ತು. ಆಮೇಲೆ ನನ್ನ ಬಲಗೈ ಬೆರಳನ್ನು ಹಿಡಿದು ನನ್ನದೇ ಎಡಗೈಯ ಮೇಲೆ ಇಡಿಸಿದರು. ಒಳಗೆ ಗಟ್ಟಿಯಾಗಿ ಉಬ್ಬಿದ ಒಂದು ಗುಬ್ಬು ಸಿಕ್ಕಿತು.

“ಅದೇ ಹೊಸ ಎಲುಬು. ಕಣ್ಣಲ್ಲೇ ನೋಡ್ಬೇಕೂಂತ ಇಲ್ಲ.”

“ಸ್ವಲ್ಪ ಸೊಟ್ಟ ಇದ್ದ ಹಾಗಿದೆ,” ಅಪ್ಪ ಸಂಶಯಪಟ್ಟರು.

“ಬೆಳೀತಾ ನೆಟ್ಟಗಾಗುತ್ತೆ. ಒಂದು ವರ್ಷ ಬಿಟ್ಟು ನಂಗೊಂದು ಕಾಗದ ಬರೀರಿ.”

ಪಟ್ಟಿ ಬಿಚ್ಚಿದ ಮೇಲೆ ಪ್ರತಿ ಭಾನುವಾರ ಅಪ್ಪನ ಅಡಿಪಟ್ಟಿಯ ಪಕ್ಕ ಕೈ ಇಟ್ಟು ನಡುವಿನ ಸಂದು ನೋಡುವುದೇ ನನ್ನ ಕೆಲಸವಾಯಿತು. ಮೊದಮೊದಲು ಆ ಸಂದಿನಲ್ಲಿ ಪೆನ್ಸಿಲ್ಲು ತೂರುತ್ತಿತ್ತು. ಮಳೆಗಾಲ ಕಳೆಯುವಷ್ಟರಲ್ಲಿ ಪೊರಕೆಯ ಹಂಚಿಕಡ್ಡಿ ಮಾತ್ರ. ಮುಂದಿನ ಕಾಫಿ ಹೂವಿನ ಕಾಲಕ್ಕೆ ಅದೂ ತೂರಲಿಲ್ಲ. ಗುಬ್ಬು ಯಾವ ವಾರ ಕರಗಿತೆಂದು ಮಾತ್ರ ತಿಳಿಯಲೇ ಇಲ್ಲ.

ಅಪ್ಪ ಕಾಗದ ಬರೆದರು. ಉತ್ತರ ಡಾಕ್ಟರ ಕಾಂಪೌಂಡರನ ಅಕ್ಷರದಲ್ಲಿ ಬಂತು. ಡಾಕ್ಟರ ಒಂದು ಬೆರಳು ತೆಗೆಯಬೇಕಾಯಿತಂತೆ; ಅವರು ಹೇಳಿದ್ದನ್ನು ಈತ ಬರೆದಿದ್ದ: ‘ಮಗುವಿಗೆ ಫೋಟೋ ಬೇಡ. ಆ ಕೈಯಲ್ಲಿ ನೀರಿನ ಬಿಂದಿಗೆ ಎತ್ತಿಸಿ ನೋಡಿ.’

ಅಪ್ಪ ಅದನ್ನು ಎರಡು ಸಲ ಓದಿದರು. ನಾನು ಬಾವಿಕಟ್ಟೆಗೆ ಹೋಗಿ ತುಂಬಿದ ಬಿಂದಿಗೆಯನ್ನು ಎಡಗೈಯಿಂದ ಎತ್ತಿದೆ.

“ನೋಯ್ತಾ?” ಅಪ್ಪ ಒಳಗಿಂದಲೇ ಕೇಳಿದರು.

“ಇಲ್ಲಪ್ಪ. ಭಾರ ಇದೆ, ಅಷ್ಟೆ.”