ಹೋಟೆಲ್ ಮಾಮನ ಮಾಟುಂಗ ಪ್ರಯಾಣ

ಹೋಟೆಲ್ ಮಾಮನ ಅಂಗೈಗಳು ಸದಾ ಕಪ್ಪಗಿರುತ್ತಿದ್ದವು. ಗಾಲಿಕುರ್ಚಿ ತಳ್ಳಲು ಚಕ್ರದ ಪಕ್ಕ ಸ್ಟೀಲಿನ ಬಳೆ ಇದ್ದರೂ ಅವರು ಟೈರನ್ನೇ ಹಿಡಿಯುತ್ತಿದ್ದರು. "ಬಳೆ ಜಾರ್ತದೆ ಮಾರಾಯ್ತಿ, ಟೈರಲ್ಲಿ ಹಿಡಿತ ಉಂಟು." ಊಟಕ್ಕೆ ಮೊದಲು ನಿಂಬೆ ಹೋಳಿನಿಂದ ಕೈ ತಿಕ್ಕಿ ತೊಳೆಯುವುದು, ಉಂಡ ಮೇಲೆ ಮತ್ತೆ ಕಪ್ಪು ಮಾಡಿಕೊಳ್ಳುವುದು. ಸೊಸೆ ಬೈದು ಬೈದು ಸೋತಿದ್ದಳು.

ಗೋರೆಗಾಂವ್‌ನ ನಮ್ಮ ಬಿಲ್ಡಿಂಗಿನಲ್ಲಿ ಅವರದು ಪಕ್ಕದ ಮನೆ. ಉಡುಪಿ ಕಡೆಯಿಂದ ಬಂದು, ಬೈಕುಲ್ಲಾದಲ್ಲಿ ಗ್ಲಾಸು ತೊಳೆದು, ಕೊನೆಗೆ ಮಾಟುಂಗದಲ್ಲಿ ಸ್ವಂತ ಹೋಟೆಲ್ ಇಟ್ಟವರು. ಮಾಟುಂಗದ ಕಥೆಗಳಿಗೆ ಕೊನೆಯಿರಲಿಲ್ಲ. ಬೈಕುಲ್ಲಾದ ಮಾತು ಮಾತ್ರ ಎತ್ತುತ್ತಿರಲಿಲ್ಲ. ಸಕ್ಕರೆ ಕಾಯಿಲೆಗೆ ಒಂದು ಕಾಲು ಹೋದ ಮೇಲೆ ಹೋಟೆಲ್ ಮಗನ ಕೈಗೆ ಬಂತು. ಮಗ ಕಾರಿನಲ್ಲಿ ಹೋಟೆಲಿಗೆ ಕರೆದೊಯ್ಯುತ್ತೇನೆಂದರೂ ಇವರು ಒಪ್ಪಲಿಲ್ಲ. "ನಾನೇನು ಅಕ್ಕಿ ಮೂಟೆಯಾ, ಎತ್ತಿ ಹಾಕ್ಲಿಕ್ಕೆ?"

ನಾನಾಗ ಇಂಜಿನಿಯರಿಂಗಿನ ಕೊನೆಯ ವರ್ಷದಲ್ಲಿದ್ದೆ. ಪ್ರಾಜೆಕ್ಟಿಗೆ ನಾನೂ ಸಹಪಾಠಿಗಳೂ ಡಿಜಿಟಲ್ ಓಡೋಮೀಟರ್ ಕಟ್ಟುತ್ತಿದ್ದೆವು. ಚಕ್ರದ ಕಡ್ಡಿಗೊಂದು ಅಯಸ್ಕಾಂತ, ಅದರೆದುರು ಫ್ರೇಮಿಗೊಂದು ಸೆನ್ಸರ್. ಅಯಸ್ಕಾಂತ ಹಾದಾಗಲೆಲ್ಲ ಒಂದು ಸುತ್ತು. ಸುತ್ತುಗಳು ಕೂಡಿ ಪುಟ್ಟ ಪರದೆಯ ಮೇಲೆ ದೂರ. ಎಲ್ಲ ಇತ್ತು, ಚಕ್ರವೇ ಇರಲಿಲ್ಲ. ಲೋಕಲ್ ರೈಲಿನಲ್ಲಿ ನೇತಾಡುವ ನಮಗೆ ಸೈಕಲ್ ಎಲ್ಲಿಂದ ಬರಬೇಕು? ಪ್ಯಾಸೇಜಿನಲ್ಲಿ ನಾನು ಗೊಣಗುವುದನ್ನು ಕೇಳಿ ಮಾಮ ಬಾಗಿಲಿಗೆ ಬಂದರು.

"ಚಕ್ರವಾ? ನನ್ನ ಹತ್ರ ಎರಡು ಉಂಟಲ್ಲ."

ಕಟ್ಟಿದ ದಿನವೇ ಪ್ರಶ್ನೆಗಳು ಶುರು. ಇದಕ್ಕೆ ಕಣ್ಣು ಎಲ್ಲಿ? ಮಳೆಗೆ ನೆಗಡಿ ಆಗ್ತದಾ? ಇಲ್ಲಿಂದ ಮಾಟುಂಗಕ್ಕೆ ಎಷ್ಟು? ರೈಲಿನ ಹಾದಿಯಲ್ಲಿ ಹದಿನೈದು ಕಿಲೋಮೀಟರ್ ಎಂದೆ. "ಹಾಗಾದ್ರೆ ಹೋಗಿಯೇ ಬಿಡುವ" ಎಂದರು. ಅಂದಿನಿಂದ ಬಿಲ್ಡಿಂಗಿನ ಕಾಂಪೌಂಡಿನಲ್ಲಿ ಬೆಳಿಗ್ಗೆ, ಸಂಜೆ ಅವರ ಸುತ್ತು ತಪ್ಪುತ್ತಿರಲಿಲ್ಲ. ಕಾಲೇಜಿನಿಂದ ಬಂದರೆ ವರದಿ: "ಇವತ್ತು ಅಂಧೇರಿ ದಾಟಿದೆ. ಏನು ರಶ್ಶು!"

ಒಂದು ದಿನ ಕೇಳಿದರು, "ಬ್ಯಾಟರಿ ಸತ್ತರೆ ನಾನು ಪುನಃ ಗೋರೆಗಾಂವಿಗೆ ಬರಬೇಕಾ?" ನಾವು ಅದನ್ನು ಯೋಚಿಸಿಯೇ ಇರಲಿಲ್ಲ. ಬ್ಯಾಟರಿ ಹೋದರೂ ಅಂಕಿ ಉಳಿಯುವ ಹಾಗೆ ಮಾಡಿದೆವು.

ಅವರು ಬಾಂದ್ರಾ ಮುಟ್ಟಿದ ವಾರ ಚಹಾ ಕುಡಿಯುತ್ತ ಕೂತಿದ್ದೆವು. ವರ್ಷಗಟ್ಟಲೆ ಗಲ್ಲಾದ ಹಿಂದೆ ನಿಂತೇ ಇದ್ದ ಜೀವ, ಕೂತರೂ ಸುಮ್ಮನಿರದು. ಕುರ್ಚಿಯನ್ನು ತೊಟ್ಟಿಲಿನ ಹಾಗೆ ಹಿಂದೆ ಮುಂದೆ ಆಡಿಸುತ್ತಿದ್ದರು. ನನ್ನ ಕಣ್ಣು ಪರದೆಯ ಮೇಲೆ ಬಿತ್ತು. ಕುರ್ಚಿ ಇದ್ದಲ್ಲೇ ಇದೆ, ಅಂಕಿ ಓಡುತ್ತಿದೆ! ಅಯಸ್ಕಾಂತ ಸೆನ್ಸರಿನ ಮುಂದೆ ಅತ್ತಿತ್ತ ಹೊಯ್ದಾಡಿದರೂ ಮೀಟರ್ ಅದನ್ನು ಪೂರ್ತಿ ಸುತ್ತೆಂದೇ ನಂಬುತ್ತಿತ್ತು. ಇದನ್ನು ವಿವರಿಸಿದಾಗ ಮಾಮ ಕುರ್ಚಿ ಆಡಿಸುವುದನ್ನು ನಿಲ್ಲಿಸಿದರು.

"ಹಾಗಾದ್ರೆ ನಾನು ಎಲ್ಲಿದ್ದೇನೆ?"

"ಗೊತ್ತಿಲ್ಲ ಮಾಮ. ಬಾಂದ್ರಾ ಹಾಗೇ ಇರಲಿ. ಇನ್ನು ಮುಂದಿನದನ್ನು ಸರಿ ಮಾಡ್ತೇನೆ."

"ಬೇಡ ಮಗಳೇ. ಹಳಸಿದ ಸಾಂಬಾರಿಗೆ ಹೊಸ ಒಗ್ಗರಣೆ ಹಾಕ್ಲಿಕ್ಕಿಲ್ಲ. ಸೊನ್ನೆಗೆ ಹಾಕು."

ನನಗೆ ಅಳುವೇ ಬಂತು. ಅವರು ಮಾತ್ರ ಇದರಲ್ಲಿ ತಪ್ಪಿದ್ದು ಎಲ್ಲಿ ಎಂದು ಬಗ್ಗಿ ನೋಡುತ್ತಿದ್ದರು. ಚಕ್ರದ ಇನ್ನೊಂದು ಬದಿಗೆ ಎರಡನೇ ಸೆನ್ಸರ್ ಕೂರಿಸಿದೆವು. ಎರಡನ್ನೂ ಸರದಿಯಂತೆ ದಾಟಿದರೆ ಮಾತ್ರ ಒಂದು ಸುತ್ತು. ವೈವಾದಲ್ಲಿ ಪರೀಕ್ಷಕರು ತುಂಬ ಮೆಚ್ಚಿದ್ದು ಅದನ್ನೇ. ಅಂದು ಸಂಜೆಯೇ ಮೀಟರನ್ನು ತಂದು ಕುರ್ಚಿಗೆ ಕಟ್ಟಿದೆ. ಮಾಮ ಗೋರೆಗಾಂವಿನಿಂದ ಮತ್ತೆ ಹೊರಟರು.

ನಾನು ಕೆಲಸಕ್ಕೆ ಪುಣೆಗೆ ಹೋದ ಮೇಲೆ ಒಂದು ದಿನ ಅವರ ಫೋನ್ ಬಂತು. "ಮಾಟುಂಗ ಮುಟ್ಟಿದೆ ಮಗಳೇ! ನಾಳೆ ಮಗನ ಕಾರಿನಲ್ಲಿ ಹೋಗಿ ಕಾಫಿ ಕುಡಿದು ಬರ್ತೇನೆ. ಇನ್ನು ಅಡ್ಡಿಯಿಲ್ಲ." ಹೋಗಿಬಂದು ಮತ್ತೆ ಫೋನ್ ಮಾಡಿದರು. ಡಿಕಾಕ್ಷನ್ ತೆಳುವಂತೆ.

ಮರುವರ್ಷ ಅವರು ತೀರಿಕೊಂಡರು. ನಾನು ಗೋರೆಗಾಂವಿಗೆ ಬಂದಾಗ ಸೊಸೆ ಮೀಟರನ್ನು ಬಿಚ್ಚಿ ನನ್ನ ಕೈಗಿಟ್ಟಳು. "ಏನೂ ತೋರಿಸ್ತಾ ಇಲ್ಲ, ಕೆಟ್ಟಿರ್ಬೇಕು." ನಾನು ಹೊಸ ಬ್ಯಾಟರಿ ಹಾಕಿದೆ. ಅಂಕಿ ಹೊಳೆಯಿತು: ಹತ್ತೊಂಬತ್ತು ಕಿಲೋಮೀಟರ್. ಮಾಟುಂಗ ದಾಟಿ, ದಾದರ್ ದಾಟಿ, ಮಾಮ ತಾವೆಂದೂ ಮಾತೆತ್ತದ ಬೈಕುಲ್ಲಾದ ಕಡೆ ಹೊರಟಿದ್ದರು. ಅಲ್ಲಿ ಯಾರನ್ನು ನೋಡಬೇಕಿತ್ತು ಎಂದು ಸೊಸೆಯನ್ನು ಕೇಳಿದೆ. ಅವಳಿಗೂ ಗೊತ್ತಿರಲಿಲ್ಲ.

ಈಗಲೂ ಏನನ್ನೇ ಕಟ್ಟಲಿ, ಬ್ಯಾಟರಿ ಸತ್ತರೆ ಏನಾಗುತ್ತದೆ ಎಂದು ಮೊದಲು ಕೇಳಿಕೊಳ್ಳುತ್ತೇನೆ. ಮೀಟರ್ ನನ್ನ ಮೇಜಿನ ಮೇಲಿದೆ. ಅದನ್ನು ಸೊನ್ನೆಗೆ ಹಾಕಿಲ್ಲ.